ಶಿವದಾರ

"ಶಿಲ್ಪಾ, ಸ್ನಾನ ಆಯ್ತೇನಮ್ಮ? ನಿನ್ನ ಮಣೆನೂ ಹಾಕಿದೀನಿ, ಬಾ."

ದೇವರ ಕೋಣೆಯಿಂದ ಅಪ್ಪ ಕೂಗಿದ್ದು ಶಿಲ್ಪಶ್ರೀಗೆ ಸ್ಪಷ್ಟವಾಗಿಯೇ ಕೇಳಿಸಿತು. ಬಚ್ಚಲುಮನೆಯ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ, ಕೇಳಿಸದವಳ ಹಾಗೆ ನಿಂತಳು. ಸ್ನಾನ ಮುಗಿದು ಹತ್ತು ನಿಮಿಷವಾಗಿತ್ತು. ಬಕೆಟ್ಟು ತುಂಬಿ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಬಿಟಿಎಂ ಲೇಔಟಿನ ಮನೆಯೊಂದರಲ್ಲಿ ಹೀಗೆ ನೀರು ಚೆಲ್ಲುವುದಕ್ಕೆ ಬಹಳ ಗಟ್ಟಿ ಎದೆ ಬೇಕು. ಅದು ಅವಳಿಗಿರಲಿಲ್ಲ, ನಲ್ಲಿ ನಿಲ್ಲಿಸಿದಳು.

"ನಾನು ರೂಮಲ್ಲೇ ಪೂಜೆ ಮಾಡ್ಕೊಂಡೆ ಅಪ್ಪಾಜಿ. ನ್ಯೂಜಿಲೆಂಡ್ ಟೈಮಿಗೆ ಎಚ್ಚರ ಆಗೋಗತ್ತೆ ನಂಗೆ."

"ಇವತ್ತೂ ರೂಮಲ್ಲೇನಾ? ಆಯ್ತು ಬಿಡು."

ಊರಿಗೆ ಬಂದು ಐದು ದಿನವಾಗಿತ್ತು, ಐದು ದಿನವೂ ಇದೇ ಮಾತು. ಬೇರೆ ಮನೆಯ ಹೆಣ್ಣುಮಕ್ಕಳಾದರೆ ತಿಂಗಳ ಮೂರು ದಿನದ ನೆಪವನ್ನಾದರೂ ಹೇಳಿ ದೇವರ ಕೋಣೆಯಿಂದ ದೂರ ಉಳಿಯಬಹುದು. ಈ ಮನೆಯಲ್ಲಿ ಆ ಅನುಕೂಲವೂ ಇಲ್ಲ. ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಎಂಬುದಿಲ್ಲ ಎಂದು ರೇವಣಸಿದ್ದಪ್ಪನವರು ಮಗಳು ದೊಡ್ಡವಳಾದ ದಿನವೇ, ಹೆಂಡತಿ ಮೂಲೆಯಲ್ಲಿ ಹಾಸಿದ್ದ ಚಾಪೆಯನ್ನು ಸುತ್ತಿ ಅಟ್ಟಕ್ಕೆಸೆದು, ಅವಳನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಪೂಜೆ ಮಾಡಿಸಿದ್ದರು. ಸ್ಕೂಲಿನಲ್ಲಿ ಗೆಳತಿಯರಿಗೆಲ್ಲ ಅವಳು ಅದನ್ನು ಹೇಳಿಕೊಂಡು ಮೆರೆದಿದ್ದಳು. ಅಂಥ ಅಪ್ಪನಿಗೆ ಈಗ ಹೇಳಲು ಅವಳ ಹತ್ತಿರ ಇದ್ದದ್ದು ಒಂದೇ ಸುಳ್ಳು, ಅದೂ ಸವೆದು ಹೋಗುತ್ತಿತ್ತು.

ನಿಜ ಏನೆಂದರೆ ಪೂಜೆ ಮಾಡಲು ಅವಳ ಹತ್ತಿರ ಲಿಂಗವೇ ಇರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಅಯ್ಯನವರು ಕಿವಿಯಲ್ಲಿ ಮಂತ್ರ ಹೇಳಿ ಕಟ್ಟಿದ್ದು, ಇಪ್ಪತ್ತೆಂಟು ವರ್ಷ ಒಂದು ದಿನವೂ ಮೈಬಿಟ್ಟು ಹೋಗದೆ ಇದ್ದದ್ದು, ನಾಲ್ಕು ತಿಂಗಳ ಹಿಂದೆ ನ್ಯೂಜಿಲೆಂಡಿನ ಒಂದು ಸಣ್ಣ ಬಂದರಿನ ನೀರಿಗೆ ಬಿದ್ದು ಹೋಗಿತ್ತು. ಅಂಗೈ ಮೇಲಿಟ್ಟು ಪೂಜಿಸುವ ಕಪ್ಪು ಇಷ್ಟಲಿಂಗ, ಅದನ್ನಿಡುವ ಬೆಳ್ಳಿಯ ಕರಡಿಗೆ, ಕರಡಿಗೆಗೆ ಪೋಣಿಸಿ ಕೊರಳಿಗೆ ಕಟ್ಟುವ ಬಿಳಿಯ ಶಿವದಾರ, ಎಲ್ಲವೂ.

ವಿಡಿಯೋ ಕಾಲಿನಲ್ಲಿ ಮುಚ್ಚಿಡುವುದು ಸುಲಭವಾಗಿತ್ತು. ಅಲ್ಲಿ ಬೇಸಿಗೆಯಲ್ಲೂ ಚಳಿ, ಕತ್ತು ಮುಚ್ಚುವ ಸ್ವೆಟರು. ಬೆಂಗಳೂರಿನ ಬೇಸಿಗೆಯಲ್ಲಿ ಸ್ವೆಟರಿಗೆ ಕಾರಣ ಹೇಳಲಾದೀತೆ? ಬಂದ ಮರುದಿನವೇ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಒಂದು ಬೆಳ್ಳಿ ಅಂಗಡಿಯಲ್ಲಿ ಖಾಲಿ ಕರಡಿಗೆ ಕೊಂಡಳು. ಬಿಳಿ ದಾರ ಪೋಣಿಸಿ ಕಟ್ಟಿಕೊಂಡಳು. ಅದು ಎದೆಯ ಮೇಲೆ ಎಷ್ಟು ಹಗುರವಾಗಿತ್ತೆಂದರೆ ನಡೆದಾಗೆಲ್ಲ ಅವಳಿಗೇ ನಾಚಿಕೆಯಾಗುತ್ತಿತ್ತು. ಅಮ್ಮ ತಬ್ಬಿಕೊಂಡಾಗ ಟೊಳ್ಳು ಗೊತ್ತಾಗಿಬಿಟ್ಟರೆ ಎಂದು ಹೆದರಿ, ಅಡಿಗೆಮನೆಯ ಡಬ್ಬಿಯಿಂದ ಒಂದು ಅಡಿಕೆ ತೆಗೆದು ಹತ್ತಿ ಸುತ್ತಿ ಅದರೊಳಗೆ ಇಟ್ಟಳು. ಮೂವತ್ತಾರು ವರ್ಷದ, ಎರಡು ದೇಶಗಳಲ್ಲಿ ಫಿಸಿಯೋಥೆರಪಿಸ್ಟ್ ಅನ್ನಿಸಿಕೊಂಡ ಹೆಂಗಸು ಮಾಡುವ ಕೆಲಸವೇ ಅದು?

ಅವಳು ಮೂರು ವಾರದ ರಜೆ ಹಾಕಿ ಬಂದದ್ದು ಅಣ್ಣ ಶಿವಕಿರಣನ ಮಗಳು ಲಿಖಿತಾಳ ಲಿಂಗದೀಕ್ಷೆಗೆ. ಶುಕ್ರವಾರ ಬೆಳಿಗ್ಗೆ ಅಯ್ಯನವರು ಮನೆಗೆ ಬರುತ್ತಾರೆ, ಮಗುವಿಗೆ ಲಿಂಗ ಕಟ್ಟುತ್ತಾರೆ. ಆಮೇಲೆ ಮನೆಯವರೆಲ್ಲ ಸಾಲಾಗಿ ಕುಳಿತು ಎಡಗೈಯಲ್ಲಿ ತಮ್ಮ ತಮ್ಮ ಲಿಂಗ ಹಿಡಿದು ಮಗುವಿನ ಜೊತೆ ಪೂಜೆ ಮಾಡಬೇಕು. ಸೋದರತ್ತೆಯ ಜಾಗ ಮಗುವಿನ ಪಕ್ಕದಲ್ಲೇ. ಇವತ್ತು ಬುಧವಾರವಾಗಿತ್ತು.

ಇದೆಲ್ಲದರ ಮೂಲ ಒಂದು ನೋಟೀಸು. ಎರಡು ವರ್ಷದ ಹಿಂದೆ ನ್ಯೂಜಿಲೆಂಡಿನಲ್ಲಿ ಅವಳು ಸೇರಿದ ವೃದ್ಧರ ಆರೈಕೆಮನೆಯ ಗೋಡೆಗೆ ಯಾರೋ ಅಂಟಿಸಿದ್ದರು: ಊರಿಗೆ ಹೊಸಬರೇ? ಬುಧವಾರ ಸಂಜೆ ಬನ್ನಿ, ಹಾಯಿದೋಣಿ ನಡೆಸುವುದನ್ನು ಕಲಿಸುತ್ತೇವೆ, ಟೀ ಬಿಸ್ಕತ್ತು ಇರುತ್ತದೆ. ಶಿಲ್ಪಶ್ರೀ ಮೊದಲು ಹೋದದ್ದು ಟೀ ಬಿಸ್ಕತ್ತಿಗೇ. ಆ ಊರಿನ ಜನಕ್ಕೆ ಮನೆಯೊಳಗೆ ಕೂರುವುದೇ ಗೊತ್ತಿರಲಿಲ್ಲ. ಸೋಮವಾರ ಬಂದರೆ ಸಾಕು, ಕೆಲಸದವರೆಲ್ಲ ಒಬ್ಬರಿಗೊಬ್ಬರು ರಜೆಯಲ್ಲಿ ಏನು ಮಾಡಿದೆ ಎಂದು ಕೇಳುವರು. ಒಬ್ಬ ಬೆಟ್ಟ ಹತ್ತಿದ್ದ, ಒಬ್ಬಳು ಹೊಳೆಯಲ್ಲಿ ಹುಟ್ಟು ಹಾಕಿದ್ದಳು, ಅರವತ್ತು ದಾಟಿದ ಅಡುಗೆಯವಳು ಸಮುದ್ರದಲ್ಲಿ ಈಜಿ ಬಂದಿದ್ದಳು. ಇವಳದು ಪ್ರತಿ ಸೋಮವಾರವೂ ಒಂದೇ ಉತ್ತರ: ಬಟ್ಟೆ ಒಗೆದೆ. ಬೆಂಗಳೂರಿನಲ್ಲಿದ್ದಾಗ ಬಯಲು, ಗಾಳಿ, ಬಿಸಿಲು ಅಂತ ಅವಳಿಗೆ ಸಿಕ್ಕಿದ್ದೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸಿಗೆ ಕಾದು ನಿಂತಾಗ ಸಿಕ್ಕಿದ್ದು. ದೋಣಿ ಎಂದರೆ ಮಡಿವಾಳ ಕೆರೆಯಲ್ಲಿ ಒಮ್ಮೆ ಅಣ್ಣನ ಜೊತೆ ತುಳಿದ ಪೆಡಲ್ ಬೋಟು, ಅದೂ ಅರ್ಧ ಗಂಟೆ.

ಆದರೆ ಮೊದಲ ಬುಧವಾರವೇ ಅವಳಿಗೆ ಅದು ಹತ್ತಿಬಿಟ್ಟಿತು. ದಿನವಿಡೀ ಅಜ್ಜ ಅಜ್ಜಿಯರನ್ನು ಎತ್ತಿ, ಕೂರಿಸಿ, ನಡೆಸಿ ಸೋತ ತೋಳಿಗೆ ಹಾಯಿಯ ಹಗ್ಗ ಬಂದು, ಗಾಳಿ ಅದನ್ನು ಆ ಕಡೆಯಿಂದ ಎಳೆದಾಗ ದಣಿವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ಒಂದೂವರೆ ಗಂಟೆ ಅವಳು ಯಾರ ಮಗಳೂ ಅಲ್ಲ, ಯಾರ ಆರೈಕೆಯವಳೂ ಅಲ್ಲ. ಅಲ್ಲಿ ಬದುಕಲು ಆಗುತ್ತದೆ ಎಂದು ಅವಳಿಗೆ ಅನ್ನಿಸಿದ್ದು ಆವತ್ತು. ಅದಕ್ಕೆ ಮೊದಲಿನ ಮೂರು ತಿಂಗಳು ಅವಳು ವಾಪಸು ಬರುವ ಟಿಕೆಟ್ಟಿನ ಬೆಲೆ ನೋಡುತ್ತಲೇ ಕಳೆದಿದ್ದಳು.

ಕೆಂಪು ಜಾಕೆಟ್ಟು ತೊಟ್ಟು ದೋಣಿಯಲ್ಲಿ ಕೂತ ಅವಳ ಫೋಟೋವನ್ನು ರೇವಣಸಿದ್ದಪ್ಪನವರು ತಮ್ಮ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಬ್ಲೌಸ್ ಪೀಸು ಕೇಳಿಕೊಂಡು ಬಂದ ಹೆಂಗಸರು ದೋಣಿ ನೋಡಿಕೊಂಡು ಹೋಗಬೇಕಾಗುತ್ತಿತ್ತು. ತಿಪಟೂರಿನ ಕಡೆಯ, ಕಲ್ಯಾಣಿ ಬಿಟ್ಟರೆ ಬೇರೆ ನೀರು ಕಾಣದ ಮನೆತನದಲ್ಲಿ ಸಮುದ್ರಕ್ಕಿಳಿದ ಮೊದಲಿಗಳು ತಮ್ಮ ಮಗಳು ಎಂಬ ಸಂಭ್ರಮ ಅವರಿಗೆ.

ಸಂಜೆ ನಾಲ್ಕಕ್ಕೆ ಲಿಖಿತಾಳ ಈಜಿನ ಕ್ಲಾಸು. "ನೀನೂ ಬಾ, ನಿಂಗೂ ನೀರು ಕಂಡಂಗಾಗತ್ತೆ" ಎಂದು ಅಪ್ಪ ಅವಳನ್ನೂ ಆಟೋ ಹತ್ತಿಸಿಕೊಂಡರು. ಜಯನಗರದ ಆ ಈಜುಕೊಳದ ಸಿಮೆಂಟ್ ಮೆಟ್ಟಿಲ ಮೇಲೆ ತಾಯಂದಿರು ಟವೆಲ್ಲು, ಬಾಳೆಹಣ್ಣು, ಮೊಬೈಲು ಹಿಡಿದು ಕೂತಿದ್ದರು. ಕ್ಲೋರಿನ್ ವಾಸನೆಗೆ ಶಿಲ್ಪಶ್ರೀಯ ತಲೆ ಭಾರವಾಯಿತು. ಸರಿಯಾಗಿ ನಿದ್ದೆಯಿಲ್ಲದೆ ಐದು ದಿನ. ಕೆಳಗೆ ನೀಲಿ ಟೋಪಿಯ ಲಿಖಿತಾ ಕೈಕಾಲು ಬಡಿಯುತ್ತಾ ಅಡ್ಡ ದಾಟಿ, ಅಂಚು ಹಿಡಿದು, "ತಾತಾ, ನೋಡಿದ್ರಾ?" ಎಂದು ಕೂಗಿದಳು.

ಕೋಚ್ ವಿಜಯಕುಮಾರ್ ಸೀಟಿ ಬಾಯಿಂದ ತೆಗೆದು ಮೆಟ್ಟಿಲ ಹತ್ತಿರ ಬಂದ. "ಸಾರ್, ಚೆನ್ನಾಗ್ ಪಿಕಪ್ ಮಾಡ್ತಿದಾಳೆ ಮಗು. ಶನಿವಾರದಿಂದ ಡೀಪ್ ಕಡೆಗೆ ಹಾಕ್ತೀನಿ."

"ಹಾಕಿ, ಹಾಕಿ. ಅಂದಂಗೆ ಒಂದು ವಿಷ್ಯ. ನಾಡಿದ್ದು ಶುಕ್ರವಾರ ಇವಳಿಗೆ ಲಿಂಗ ಕಟ್ತೀವಿ. ಆಮೇಲಿಂದ ಕತ್ತಲ್ಲಿ ಶಿವದಾರ ಇರತ್ತೆ."

"ಕ್ಲಾಸ್ ಟೈಮಲ್ಲಿ ತೆಗೆದು ನಿಮ್ಮ ಕೈಲಿ ಇಟ್ಕೊಳಿ ಸಾರ್. ಕುತ್ತಿಗೇಲಿ ಸರ, ದಾರ ಏನೂ ಇರಬಾರ್ದು ಅಂತ ರೂಲ್ಸು."

"ಅದು ಸರ ಅಲ್ಲಪ್ಪ, ಲಿಂಗ. ಒಂದ್ಸಲ ಕಟ್ಟಿದ್ಮೇಲೆ ಮೈಮೇಲಿಂದ ತೆಗೆಯೋ ಹಂಗಿಲ್ಲ."

"ಗೊತ್ತು ಸಾರ್, ನಮ್ಮ ಪಕ್ಕದ್ಮನೆಯವ್ರೂ ಲಿಂಗಾಯತ್ರೇ. ಆದ್ರೂ ನೀರಲ್ಲಿ..."

"ನೀರಲ್ಲಿ ಏನಾಗತ್ತೆ? ಇವಳು ನನ್ನ ಮಗಳು, ಕೇಳಿ ಬೇಕಾದ್ರೆ. ನ್ಯೂಜಿಲೆಂಡಲ್ಲಿ ಸಮುದ್ರದ ಮೇಲೆ ದೋಣಿ ನಡೆಸ್ತಾಳೆ. ನಿಮ್ಮ ಈ ತೊಟ್ಟಿ ಅಲ್ಲ, ಸಮುದ್ರ! ಒಂದ್ ದಿನ ತೆಗೆದಿಲ್ಲ. ಹೇಳಮ್ಮ."

ಕೋಚ್ ಅವಳ ಮುಖ ನೋಡಿದ. ಅವನಿಗೆ ವಾದ ಬೇಕಿರಲಿಲ್ಲ, ಎದುರಿಗಿದ್ದವರು ಹಿರಿಯರು, ಅದೂ ಧರ್ಮದ ವಿಷಯ. ಇವಳು ಹೌದು ಎಂದರೆ ಸಾಕು, ಅವನು ಸರಿ ಸಾರ್ ಅನ್ನುತ್ತಾನೆ, ಶನಿವಾರ ಮಗು ಕೊರಳಲ್ಲಿ ಗಟ್ಟಿ ದಾರ ಕಟ್ಟಿಕೊಂಡು ಎಂಟಡಿ ನೀರಿಗೆ ಧುಮುಕುತ್ತಾಳೆ. ಇಷ್ಟು ದಿನ ಅಪ್ಪನ ಮುಖ ಬಾಡುವುದೊಂದೇ ಶಿಲ್ಪಶ್ರೀಯ ಹೆದರಿಕೆಯಾಗಿತ್ತು. ಈಗ ಅದಕ್ಕಿಂತ ದೊಡ್ಡದು ಎದುರಿಗೆ ನೀಲಿ ಟೋಪಿ ಹಾಕಿಕೊಂಡು ಆಡುತ್ತಿತ್ತು.

"ಅವರು ಹೇಳ್ತಿರೋದು ಸರಿ ಅಪ್ಪಾಜಿ. ತೆಗೀಬೇಕು."

"ನೀನು ತೆಗೀತೀಯಾ?"

"ತೆಗೀಲಿಲ್ಲ. ಅದಕ್ಕೇ ಹೋಯ್ತು."

ಕೋಚಿಗೆ ಇದು ಮನೆಯ ಮಾತು ಎಂದು ತಿಳಿಯಿತು. ಸೀಟಿ ಬಾಯಿಗಿಟ್ಟುಕೊಂಡು ಮಕ್ಕಳ ಕಡೆ ನಡೆದ. ರೇವಣಸಿದ್ದಪ್ಪನವರು ಮಗಳ ಕೊರಳಿನ ಬಿಳಿ ದಾರ ನೋಡಿ, "ಏನು ಹೋಯ್ತು? ಇದ್ಯಲ್ಲ" ಎಂದರು.

ಅವಳು ಕುರ್ತಾದ ಒಳಗಿಂದ ಕರಡಿಗೆ ಎಳೆದು, ಮುಚ್ಚಳ ತೆಗೆದು ಅವರ ಅಂಗೈಗೆ ಬಗ್ಗಿಸಿದಳು. ಹತ್ತಿ ಬಿಚ್ಚಿಕೊಂಡು ಅಡಿಕೆ ಹೊರಬಂತು. ಅಪ್ಪ ಅದನ್ನು ಲಿಂಗ ಹಿಡಿಯುವ ಹಾಗೆಯೇ ಎಡಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಪಕ್ಕದ ಹೆಂಗಸೊಬ್ಬಳು ಬಾಳೆಹಣ್ಣು ಸುಲಿಯುತ್ತಾ ಇವರನ್ನೇ ನೋಡುತ್ತಿದ್ದಳು.

"ಹೆಂಗೆ?"

ಅವಳು ಹೇಳಿದಳು. ಪ್ರತಿ ಬೇಸಿಗೆಯಲ್ಲೂ ಅಭ್ಯಾಸಕ್ಕೆಂದು ದೋಣಿಯನ್ನು ಬೇಕೆಂದೇ ಮಗುಚುತ್ತಾರೆ, ಮಗುಚಿದ್ದನ್ನು ಎತ್ತುವುದು ಗೊತ್ತಿರಬೇಕಲ್ಲ. ಅದಕ್ಕೆ ಮೊದಲು ಮೈಮೇಲಿನ ಒಡವೆಗಳನ್ನೆಲ್ಲ ತೆಗೆದಿಡಿ ಎಂದರು. ಅವಳು ಓಲೆ ತೆಗೆದಳು, ಉಂಗುರ ತೆಗೆದಳು, ಗಡಿಯಾರ ತೆಗೆದಳು. ಶಿವದಾರ ತೆಗೆಯಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಅದು ಒಡವೆಯಲ್ಲವಲ್ಲ. ಕಲಿಸುವ ಜೋನ್ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು, ಹಿಂದೆ ಶಾಲೆಯಲ್ಲಿ ಟೀಚರಾಗಿದ್ದವರು, ಎಲ್ಲ ತೆಗೆದೆಯಾ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅವಳು ಹೂಂ ಎಂದಳು.

"ಹಾಯಿ ಕೆಳಗೆ ಸಿಕ್ಕೊಂಡೆ ಅಪ್ಪಾಜಿ. ದಾರ ಜಾಕೆಟ್ಟಿಂದ ಈಚೆ ಬಂದು ಹಗ್ಗದ ಕೊಕ್ಕೆಗೆ ಸುತ್ಕೊಂಡ್ಬಿಡ್ತು. ಮೇಲಕ್ಕೆ ಬರಕ್ಕೇ ಆಗ್ಲಿಲ್ಲ. ಕೈ ಹಾಕಿ ಎಳೆದೆ, ಬಿಚ್ಚಕ್ಕೆ ನೋಡ್ದೆ... ಜೋನ್ ನೀರಿಗೆ ಹಾರಿ ಚಾಕು ತಗೊಂಡು ಕತ್ತರಿಸಿಬಿಟ್ರು."

"ಶಿವದಾರಾನಾ?"

"ಹ್ಞೂಂ."

"ಆವತ್ತು ಊಟ ಮಾಡಿದ್ಯಾ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಲಿಂಗ ಕಳೆದರೆ ಅದು ಸಿಗುವ ತನಕ, ಇಲ್ಲವೇ ಗುರುಗಳು ಹೊಸದು ಕಟ್ಟುವ ತನಕ ಅನ್ನ ಮುಟ್ಟಬಾರದು. ಅಪ್ಪನ ತಾಯಿ ಒಮ್ಮೆ ಹುಲ್ಲಿನ ಬಣವೆಯಲ್ಲಿ ಲಿಂಗ ಬೀಳಿಸಿಕೊಂಡು, ಸಿಗುವವರೆಗೆ ಎರಡು ಹಗಲು ನೀರೂ ಕುಡಿಯದೆ ಹುಡುಕಿದ್ದನ್ನು ಈ ಮನೆಯಲ್ಲಿ ಎಲ್ಲರೂ ಕೇಳಿ ಬೆಳೆದಿದ್ದರು.

"ಸೂಪು ಕೊಟ್ರು, ಕುಡಿದೆ. ಬ್ರೆಡ್ ತಿಂದೆ. ತುಂಬ ಚಳಿ ಆಗ್ತಿತ್ತು ಅಪ್ಪಾಜಿ."

"ಹುಡುಕಿದ್ಯಾ?"

"ಮಾರನೇ ದಿನ ನಂಗೆ ಡ್ಯೂಟಿ ಇತ್ತು. ಜೋನ್ ಹುಡುಕಿದ್ರು. ಸಮುದ್ರ ಇಳಿದಾಗ ಅಲ್ಲಿ ಕೆಸರು ಕಾಣತ್ತೆ. ಮೊಣಕಾಲುದ್ದ ಬೂಟು ಹಾಕ್ಕೊಂಡು ಮೂರು ದಿನ ಕೆಸರೆಲ್ಲ ಕೆದಕಿದ್ರಂತೆ. ನಂಗೆ ಹೇಳ್ಲೂ ಇಲ್ಲ. ಬೇರೆಯವ್ರಿಂದ ಗೊತ್ತಾಯ್ತು. ಅದೇನು ಅಂತಾನೂ ಅವರಿಗೆ ಗೊತ್ತಿರ್ಲಿಲ್ಲ, ನನ್ನ ಅಳು ನೋಡಿ ಹುಡುಕಿದ್ದು."

ಅಪ್ಪ ಅಡಿಕೆಯನ್ನು ಬೆರಳುಗಳ ನಡುವೆ ಉರುಳಿಸುತ್ತಾ ಕೇಳಿದರು. "ಅದಾದ್ಮೇಲೂ ದೋಣಿಗೆ ಹೋದ್ಯಾ? ಬರೀ ಕತ್ತಲ್ಲಿ?"

"ಹೋದೆ."

ಅವರು ಮತ್ತೆ ಕೇಳಿದರು. ಈ ಸಲ ದನಿ ಸಣ್ಣದಾಗಿತ್ತು. "ಯಾವ ದಾರ ಅದು? ನೀನು ಹೊರಡೋ ಹಿಂದಿನ್ ದಿನ ನಾನು ಕಟ್ಟಿಕೊಟ್ಟಿದ್ನಲ್ಲ, ಅದೇನಾ?"

ಶಿಲ್ಪಶ್ರೀ ಹೌದೆಂದು ತಲೆ ಆಡಿಸಿದಳು. ಒಂಬತ್ತು ಎಳೆ ಸೇರಿಸಿ ಹೊಸೆದು, ವಿಭೂತಿ ತೀಡಿ, ಮೂರು ಗಂಟು ಹಾಕಿ, ಎರಡು ಕೈಯಲ್ಲೂ ಜಗ್ಗಿ ನೋಡಿ ಕಟ್ಟಿಕೊಟ್ಟಿದ್ದರು. ಪರದೇಶದಲ್ಲಿ ಹೊಸ ದಾರ ಸಿಗುವುದಿಲ್ಲವೆಂದು.

"ಗಟ್ಟಿ ಇತ್ತು ಅಪ್ಪಾಜಿ" ಎಂದಳು.

ಲಿಖಿತಾ ಮೈಯೆಲ್ಲ ನೀರು ಸುರಿಸಿಕೊಂಡು ಬಂದು ಇಬ್ಬರ ನಡುವೆ ತೂರಿ ಕೂತಳು. ಟವೆಲ್ಲು ಯಾರೂ ಕೊಡದಿದ್ದಾಗ ತಾನೇ ಎತ್ತಿಕೊಂಡಳು. ಆಟೋದಲ್ಲಿ ದಾರಿಯುದ್ದಕ್ಕೂ ಮಗು ಒಂದೇ ಮಾತಾಡಿತು.

ಮನೆಗೆ ಬಂದ ಮೇಲೆ ರೇವಣಸಿದ್ದಪ್ಪನವರು ಕಾಫಿ ಬೇಡವೆಂದರು. ಊಟಕ್ಕೆ ಕೂರಲಿಲ್ಲ. ಕಮಲಾದೇವಿ ಮಗಳನ್ನು ಅಡಿಗೆಮನೆಗೆ ಕರೆದು, "ಏನಾಯ್ತೇ ನಿಮ್ಮಪ್ಪಂಗೆ? ಮಜ್ಜಿಗೆನೂ ಬೇಡ ಅಂದ್ರಲ್ಲ" ಎಂದು ಕೇಳಿದರು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಸುಲಭವಾಗಿರಬೇಕಿತ್ತು, ಆಗಲಿಲ್ಲ. ಅಮ್ಮ ತೊಗರಿಬೇಳೆ ತುಂಬಿದ ಮೊರವನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದರು.

"ನಾಲ್ಕು ತಿಂಗಳು ಒಬ್ಳೇ ಇಟ್ಕೊಂಡಿದ್ಯಾ ಇದನ್ನ?"

"ನಿಮಗೆ ಹೆಂಗಮ್ಮ ಹೇಳ್ಲಿ?"

"ಬಾಯಲ್ಲಿ" ಎಂದರು ಕಮಲಾದೇವಿ. ಸೆರಗಿನಿಂದ ಕಣ್ಣೊರೆಸಿಕೊಂಡು, "ನೀನು ಕೂರಬೇಕಾಗಿದ್ದ ಉಪವಾಸ ಅವರು ಕೂತವ್ರೆ. ಬಿಡು, ನಾನು ಹೇಳಿದ್ರೂ ಕೇಳಲ್ಲ" ಎಂದು ಮೊರ ಎತ್ತಿಕೊಂಡರು.

ಗುರುವಾರ ಬೆಳಿಗ್ಗೆ ದೇವರ ಕೋಣೆಯಿಂದ ಯಾರೂ ಅವಳನ್ನು ಕೂಗಲಿಲ್ಲ. ಕೂಗಿಗೆ ಹೆದರುತ್ತಿದ್ದವಳಿಗೆ ಕೂಗು ಬರದಿದ್ದದ್ದು ಇನ್ನೂ ಹಿಂಸೆಯಾಯಿತು. ಬಾಗಿಲ ಸಂದಿಯಿಂದ ಇಣುಕಿದಳು. ಅಪ್ಪ ಎಡಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಪಕ್ಕದ ಮಣೆ ಗೋಡೆಗೆ ಒರಗಿತ್ತು. ಪೂಜೆ ಮುಗಿಸಿ, ಕಾಫಿ ಕುಡಿಯದೆ, ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅಂಗಡಿಗೂ ಬಂದಿಲ್ಲವೆಂದು ಹತ್ತು ಗಂಟೆಗೆ ಶಿವಕಿರಣ ಫೋನು ಮಾಡಿದ. ಅರವತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆ, ಹೊರಗೆ ಉರಿಬಿಸಿಲು. ಶಿಲ್ಪಶ್ರೀ ಗೇಟಿನ ಹತ್ತಿರ ಹೋಗುವುದು, ಬರುವುದು ಮಾಡುತ್ತಲೇ ಇದ್ದಳು. ನಡುವೆ ಒಮ್ಮೆ ಅವಳಿಗೆ ಸಿಟ್ಟೇ ಬಂತು. ತಾನು ಸತ್ತಿದ್ದರೆ ಈ ಮನೆಯಲ್ಲಿ ಏನು ಮಾಡುತ್ತಿದ್ದರು? ಆ ಪ್ರಶ್ನೆಯನ್ನು ಅಪ್ಪನ ಮುಖಕ್ಕೇ ಕೇಳಬೇಕೆಂದುಕೊಂಡಳು.

ಎರಡು ಗಂಟೆಗೆ ಅವರು ಬಂದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೈಯಲ್ಲೊಂದು ಕಾಗದದ ಪೊಟ್ಟಣ. ಕುರ್ಚಿಯಲ್ಲಿ ಕುಳಿತು ನೀರು ಕೇಳಿದರು. ಅವರನ್ನು ನೋಡುತ್ತಲೇ ಅವಳು ಕೇಳಬೇಕೆಂದುಕೊಂಡದ್ದನ್ನು ಬಿಟ್ಟು ನೀರು ತಂದುಕೊಟ್ಟಳು.

"ಅಯ್ನೋರ ಹತ್ರ ಹೋಗಿದ್ದೆ. ನಾಳೆ ಮಗು ಜೊತೆ ನಿಂಗೂ ಕಟ್ತಾರೆ."

"ಏನಂದ್ರು?"

"ಅಂಗದ ಮೇಲಿನ ಕಲ್ಲು ಹೋಗಿರ್ಬೋದು, ಲಿಂಗ ಎಲ್ಲೂ ಹೋಗಿಲ್ಲ, ಚಿಂತೆ ಬಿಡಿ ಅಂದ್ರು." ಲೋಟ ಕೆಳಗಿಟ್ಟರು. "ದೊಡ್ಡವರು, ಅಂತಾರೆ. ನಂಗೆ ಅಷ್ಟು ಸಲೀಸಾಗಿ ಆಗಲ್ಲ."

ಕಮಲಾದೇವಿ ಮಾತಿಲ್ಲದೆ ತಟ್ಟೆ ತಂದು ಮುಂದಿಟ್ಟರು. ಅವರು ತುತ್ತು ಕಲೆಸಿದರು. ಶಿಲ್ಪಶ್ರೀ ಎದುರಿನ ನೆಲದ ಮೇಲೆ ಕುಳಿತಳು. ಈಗ ಷರತ್ತು ಬರುತ್ತದೆ ಎಂದು ಅವಳು ಕಾದಳು: ಇನ್ನು ಮೇಲೆ ನೀರಿಗಿಳಿಯುವುದಿಲ್ಲ ಎಂದು ನಾಳೆ ಅಯ್ಯನವರ ಮುಂದೆ ಮಾತು ಕೊಡು. ಮಾತು ಕೊಟ್ಟು ಹೋಗಿ ಅಲ್ಲಿ ಮುರಿಯಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಇನ್ನೊಂದು ಸುಳ್ಳನ್ನು ಹೊರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಅಪ್ಪಾಜಿ, ಬುಧವಾರ ದೋಣಿಗೆ ಹೋಗೋದು ನಾನು ಬಿಡಲ್ಲ. ಅಲ್ಲಿ ನಂಗಿರೋದು ಅದೊಂದೇ. ಅದಿಲ್ದೆ ಇದ್ರೆ ನಾನು ಯಾವಾಗ್ಲೋ ಬಿಟ್ಟು ಬಂದಿರ್ತಿದ್ದೆ. ಮೊದ್ಲೇ ಹೇಳ್ತಿದೀನಿ. ಲಿಂಗ ಕಟ್ಟಿಸ್ಕೊಂಡ್ಮೇಲೆ ಹೇಳೋದಲ್ಲ."

ಅಮ್ಮ ಅಡಿಗೆಮನೆಯ ಬಾಗಿಲಲ್ಲೇ ನಿಂತರು. ಅಪ್ಪ ತಲೆಯೆತ್ತಲಿಲ್ಲ. ಅನ್ನ ಮುಗಿಸಿದರು, ಮಜ್ಜಿಗೆ ಹಾಕಿಸಿಕೊಂಡರು, ಕೈ ತೊಳೆದು ಹೋಗಿ ಮಲಗಿದರು. ಅವರ ಗೊರಕೆ ಕೇಳುವವರೆಗೂ ಅವಳು ಅಲ್ಲೇ ಕೂತಿದ್ದಳು.

ಐದು ಗಂಟೆಗೆ ಅವರು ಎದ್ದು, ಹಾಲಿನಲ್ಲಿ ಚಾಪೆ ಹಾಸಿ, ಪೊಟ್ಟಣ ಬಿಚ್ಚಿದರು. ಎರಡು ಹೊಸ ಕರಡಿಗೆ, ಬಿಳಿ ನೂಲಿನ ಉಂಡೆ. ಲಿಂಗವನ್ನು ಅಯ್ಯನವರು ನಾಳೆ ತಾವೇ ತರುವವರಿದ್ದರು, ಕರಡಿಗೆಗೆ ದಾರ ಪೋಣಿಸಿಡುವುದು ಮನೆಯವರ ಕೆಲಸ. ಲಿಖಿತಾಳ ಕೈಗೆ ನೂಲಿನ ತುದಿ ಕೊಟ್ಟು, ಒಂಬತ್ತು ಎಳೆ ತೆಗೆದು ಹೊಸೆದರು. ಪೋಣಿಸಿ, ತುದಿಗಳನ್ನು ಹತ್ತಿರ ತಂದು ಗಂಟು ಹಾಕಲು ಹೋದವರು ಹಾಗೆಯೇ ನಿಂತರು. ಬೆರಳು ಆಡಿಸಿ ಏನೋ ನೆನಪು ಮಾಡಿಕೊಳ್ಳುವವರ ಹಾಗೆ ಒಂದು ಕುಣಿಕೆ ಮಾಡಿ, ಇನ್ನೊಂದು ತುದಿಯನ್ನು ಮಡಿಸಿ ಅದರೊಳಗೆ ತೂರಿಸಿದರು.

"ಚಿಕ್ಕಪೇಟೇಲಿ ಕೆಲಸಕ್ಕಿದ್ದಾಗ ಬಟ್ಟೆ ಮೂಟೆಗೆ ಹಾಕ್ತಿದ್ವಿ ಇದನ್ನ. ಹೊತ್ಕೊಂಡು ಎಷ್ಟು ದೂರ ಹೋದ್ರೂ ಬಿಚ್ಚಲ್ಲ. ಈ ತುದಿ ಎಳೆದ್ರೆ ಮಾತ್ರ..." ಎಂದು ಎಳೆದರು. ದಾರ ಬಿಚ್ಚಿಕೊಂಡು ಕರಡಿಗೆ ಟಣ್ಣೆಂದು ನೆಲಕ್ಕೆ ಬಿತ್ತು. ಲಿಖಿತಾ ನಕ್ಕಳು.

"ಅಯ್ಯಯ್ಯೋ, ಏನ್ರೀ ಇದು?" ಕಮಲಾದೇವಿ ಓಡಿ ಬಂದರು. "ಶಿವದಾರಕ್ಕೆ ಹಿಂಗೆ ಗಂಟು ಹಾಕ್ತಾರೇನ್ರೀ? ಎಲ್ಲಾದ್ರೂ ಬಿದ್ದು ಹೋದ್ರೆ?"

"ಬೀಳ್ಲಿ" ಎಂದರು ಅಪ್ಪ.

ಅವರು ಕರಡಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, ದಾರ ಪೋಣಿಸಿ, ಮತ್ತೆ ಅದೇ ಗಂಟು ಹಾಕಿದರು. ಮೂಟೆಯ ಗಂಟು ಒಣಗಿದ ಹಗ್ಗದ್ದು, ಇದು ಹಾಗಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದರು. "ನೂಲು ನೆಂದ್ರೆ ಬಿಗಿಯತ್ತೆ. ಪುಟ್ಟಿ, ಒಂದು ಪಾತ್ರೇಲಿ ನೀರು ತಗೊಂಬಾ." ಮಗು ತಂದಿತು. ಅವರು ಪಾತ್ರೆಯೊಳಗೆ ನೋಡಿ ಹೇಳಿದರು, "ಉಪ್ಪು ಹಾಕು. ಒಂದು ಹಿಡಿ ಹಾಕು, ಸಮುದ್ರದಂಗೆ ಆಗ್ಲಿ."

ಲಿಖಿತಾ ಹಿಡಿ ಉಪ್ಪು ಸುರಿದು ಕೈಯಿಂದಲೇ ಕಲಕಿದಳು. ರೇವಣಸಿದ್ದಪ್ಪನವರು ದಾರವನ್ನು ಅದರಲ್ಲಿ ಮುಳುಗಿಸಿ, ಚೆನ್ನಾಗಿ ನೆನೆಯಲು ಬಿಟ್ಟು, ತೊಟ್ಟಿಕ್ಕುತ್ತಿದ್ದ ಹಾಗೆಯೇ ಎತ್ತಿ ಮಗಳ ಕೊರಳಿಗೆ ಹಾಕಿದರು. ತಣ್ಣನೆಯ ನೀರು ಅವಳ ಬೆನ್ನಿಗಿಳಿಯಿತು.

"ಕಣ್ಣು ಮುಚ್ಕೊ. ನೀರೊಳಗೆ ಏನೂ ಕಾಣಲ್ಲ ತಾನೇ? ಹಂಗೇ ತಡವರಿಸಿ ತುದಿ ಹುಡುಕು. ಹ್ಞಾಂ, ಎಳಿ ಈಗ."

ಅವಳು ಕಣ್ಣು ಮುಚ್ಚಿ ಎಳೆದಳು. ಗಂಟು ಅರ್ಧ ಜಾರಿ ಕಚ್ಚಿಕೊಂಡಿತು.

"ಬರ್ತಿಲ್ಲ ಅಪ್ಪಾಜಿ."

"ಇರು, ಇರು" ಎಂದು ಅವರು ಅವಳ ಕೊರಳಿನಿಂದ ದಾರ ತೆಗೆದು, ಕನ್ನಡಕ ಏರಿಸಿಕೊಂಡು, ಉಗುರಿನಿಂದ ಗಂಟು ಬಿಡಿಸಿದರು. ಕುಣಿಕೆಯನ್ನು ಮೊದಲಿಗಿಂತ ಸಡಿಲ ಮಾಡಿ, ಮತ್ತೆ ಕಟ್ಟಿ, ಉಪ್ಪುನೀರಿಗೆ ಅದ್ದಿದರು.